ಒಂದು ರೋಗದ ವಂಶಾವಳಿ: ಆಲ್ಜೈಮರ್ ಚರಿತ್ರೆಯ ಆಕರಗಳ ಪರಿಶೀಲನೆ

ನಮ್ಮ ಶಾಸನಗಳ ಪ್ರಾರಂಭದಲ್ಲಿ ಅರಸನ ವಂಶಾವಳಿಯನ್ನು ಹೇಳುವ ಪದ್ಧತಿಯುಂಟು. ಚಂದ್ರನಿಂದ ಬುಧ, ಬುಧನಿಂದ ಪುರೂರವ, ಮುಂದೆ ಯದು, ಹೀಗೆ ಸರಪಣಿ ಎಲ್ಲಿಯೂ ಕಡಿಯದೆ ಇಳಿದುಬಂದು ಆಳುತ್ತಿರುವ ದೊರೆಯನ್ನು ಮುಟ್ಟುತ್ತದೆ. ಚರಿತ್ರೆಯ ವಿದ್ಯಾರ್ಥಿ ಇದನ್ನು ನಂಬುವುದಿಲ್ಲ. ನಂಬಲಿಲ್ಲವೆಂದು ಬಿಸುಡುವುದೂ ಇಲ್ಲ. ಈ ದೊರೆಗೆ ಈ ಕಾಲದಲ್ಲಿ ಇಂಥ ಪೂರ್ವಜರು ಏತಕ್ಕೆ ಬೇಕಾದರು ಎಂದು ವಿಚಾರಿಸುತ್ತಾನೆ. ವಿಜ್ಞಾನದ ಪ್ರಬಂಧಗಳಿಗೂ ಇಂಥ ಪೀಠಿಕೆಯುಂಟೆಂಬುದನ್ನು, ವಿಜ್ಞಾನದ ವಿದ್ಯಾರ್ಥಿಗಳಿಗೆ ವಿಜ್ಞಾನ ಚರಿತ್ರೆಯನ್ನು ಬೋಧಿಸುವ ಕೆಲಸ ಎರಡು ವರ್ಷಗಳ ಹಿಂದೆ ಪಾಲಿಗೆ ಬಂದ ಮೇಲೆ ಈ ಲೇಖಕನು ಅರಿತನು.

ಆಲ್ಜೈಮರ್ ರೋಗವನ್ನು ಕುರಿತ ಪ್ರಬಂಧಗಳ ಪೀಠಿಕೆ ಬಹುಮಟ್ಟಿಗೆ ಒಂದೇ ಬಗೆಯದು. ೧೯೦೬ರಲ್ಲಿ ಜರ್ಮನಿಯ ವೈದ್ಯನಾದ ಆಲೋಯಿಸ್ ಆಲ್ಜೈಮರನು ತನ್ನ ರೋಗಿಯೊಬ್ಬಳ ಮಿದುಳಿನಲ್ಲಿ ಪ್ಲೇಕು ಮತ್ತು ಸಿಕ್ಕು ಎಂಬ ಎರಡು ವಿಕಾರಗಳನ್ನು ಕಂಡನು. ೧೯೮೪ರಲ್ಲಿ ಪ್ಲೇಕಿನ ಪ್ರೋಟೀನು ಯಾವುದೆಂದು ಗೊತ್ತಾಯಿತು. ೧೯೯೨ರಲ್ಲಿ ಆ ಪ್ರೋಟೀನಿನ ಶೇಖರಣೆಯೇ ರೋಗದ ಮೂಲಕಾರಣವೆಂಬ ಸಿದ್ಧಾಂತ ಹೊರಟಿತು. ಎಂಬತ್ತಾರು ವರ್ಷಗಳ ಚರಿತ್ರೆ ಮೂರು ವಾಕ್ಯಗಳಲ್ಲಿ ಮುಗಿಯುತ್ತದೆ. ಓದಿದವರಿಗೆ, ರೋಗವನ್ನು ಕಂಡವನೇ ಅದರ ಕಾರಣವನ್ನೂ ಬೆರಳಿಟ್ಟು ತೋರಿಸಿದ್ದನು, ಉಳಿದವರು ಆ ದಿಕ್ಕಿಗೆ ನಡೆದರು ಎಂಬ ಭಾವನೆ ಉಂಟಾಗುತ್ತದೆ. ಈ ಭಾವನೆಗೆ ಆಧಾರವಿಲ್ಲವೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಪ್ಲೇಕೇ ಕಾರಣವೆಂಬ ಅಭಿಪ್ರಾಯ ಆಲ್ಜೈಮರನದಲ್ಲ. ಅವನು ಅದನ್ನು ಅಚ್ಚಿನಲ್ಲಿಯೇ ನಿರಾಕರಿಸಿದ್ದಾನೆ. ಆ ಅಭಿಪ್ರಾಯಕ್ಕೆ ಸಮೀಪವಾದುದನ್ನು ಹೇಳಿದವನು ಬೇರೊಬ್ಬ, ಮತ್ತು ಅವನು ಪೀಠಿಕೆಗಳಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಜೀವವಿಜ್ಞಾನದ ಸತ್ಯಾಸತ್ಯವನ್ನು ನಿರ್ಣಯಿಸುವ ಅಧಿಕಾರ ಈ ಲೇಖಕನಿಗಿಲ್ಲ. ದಾಖಲೆಗಳು ಹೇಳುವುದೇನು, ಅವುಗಳ ಮೇಲೆ ಹೇರಿರುವುದೇನು ಎಂಬಷ್ಟೇ ಇಲ್ಲಿಯ ವಿಚಾರ.

ವಿಷಯಕ್ಕೆ ಹೊಸಬರಾದ ವಾಚಕರಿಗಾಗಿ ನಾಲ್ಕು ಮಾತು. ಪ್ರೋಟೀನೆಂಬುದು ಅಮೈನೋ ಆಮ್ಲಗಳು ಸಾಲಾಗಿ ಕೂಡಿದ ಒಂದು ಸರ. ಸರವು ಮಡಿಚಿಕೊಂಡು ತನಗೆ ತಕ್ಕ ಆಕಾರವನ್ನು ತಾಳಿದ ಮೇಲೆಯೇ ಸಾಮಾನ್ಯವಾಗಿ ಕೆಲಸಕ್ಕೆ ಬರುತ್ತದೆ. ಆಕಾರದ ಸೂಚನೆ ಸರದ ಅನುಕ್ರಮದಲ್ಲಿಯೇ ಅಡಗಿದೆಯೆಂದು ತೋರಿಸಿದ ಅಮೆರಿಕದ ಕ್ರಿಶ್ಚಿಯನ್ ಆನ್‌ಫಿನ್‌ಸನ್ ಅವರಿಗೆ ೧೯೭೨ರಲ್ಲಿ ನೊಬೆಲ್ ಬಹುಮಾನ ಬಂದಿತು. ಸರದ ಕೀಲುಗಳು ಯಾವ ಕೋನಗಳಿಗೆ ತಿರುಗಬಲ್ಲವು, ಯಾವುದಕ್ಕೆ ತಿರುಗಲಾರವು ಎಂಬುದನ್ನು, ಆಗ ಮದರಾಸು ವಿಶ್ವವಿದ್ಯಾನಿಲಯದಲ್ಲಿದ್ದು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಜಿ. ಎನ್. ರಾಮಚಂದ್ರನ್ ಅವರು ಸಹೋದ್ಯೋಗಿಗಳೊಡನೆ ೧೯೬೩ರಲ್ಲಿಯೇ ನಕ್ಷೆ ಹಾಕಿ ತೋರಿಸಿದ್ದರು. ಮಡಿಕೆ ತಪ್ಪಿದ ಸರಗಳು ಒಂದರ ಮೇಲೊಂದು ಒತ್ತಾಗಿ ಜೋಡಿಸಿಕೊಂಡರೆ ನೀರಿನಲ್ಲಿ ಕರಗದ ಎಳೆಗಳಾಗುತ್ತವೆ. ಇಂಥ ಎಳೆಗಳ ರಾಶಿಗೆ ಅಮೈಲಾಯ್ಡ್ ಎಂದು ಹೆಸರು. ಹೆಸರೇ ಒಂದು ತಪ್ಪು: ೧೮೫೪ರಲ್ಲಿ ರುಡಾಲ್ಫ್ ವಿರ್ಕೋ ಎಂಬ ಜರ್ಮನ್ ವಿದ್ವಾಂಸನು, ಅಯೋಡಿನ್ ತಗುಲಿಸಿದಾಗ ಪಿಷ್ಟದಂತೆ ಬಣ್ಣ ತಳೆದುದನ್ನು ಕಂಡು, ‘ಪಿಷ್ಟದಂಥದು’ ಎಂಬರ್ಥದ ಈ ಮಾತನ್ನು ಬಳಕೆಗೆ ತಂದನು. ಐದೇ ವರ್ಷಗಳಲ್ಲಿ ಫ್ರೀಡ್ರೈಖ್ ಮತ್ತು ಕೆಕುಲೆ ಇದು ಪಿಷ್ಟವಲ್ಲ, ಪ್ರೋಟೀನಿನ ಜಾತಿಯದು ಎಂದು ತೋರಿಸಿದರು. ಹೆಸರು ಮಾತ್ರ ಉಳಿದುಕೊಂಡಿತು. ಪಾರ್ಕಿನ್‌ಸನ್ ರೋಗದಲ್ಲಿ ಹೀಗೆ ರಾಶಿಗೂಡುವುದು ಸಿನ್ಯೂಕ್ಲೀನ್ ಎಂಬ ಪ್ರೋಟೀನು. ಆಲ್ಜೈಮರ್ ರೋಗದಲ್ಲಿ ಮುಖ್ಯವಾಗಿ ಎರಡು: ನರಕೋಶಗಳ ಹೊರಗೆ ಕೂಡುವ ಮುದ್ದೆಯಾದ ಪ್ಲೇಕಿನಲ್ಲಿ ಬೀಟ ಅಮೈಲಾಯ್ಡ್, ಕೋಶದ ಒಳಗೆ ಹೆಣೆದುಕೊಳ್ಳುವ ಸಿಕ್ಕಿನಲ್ಲಿ ಟಾವ್. ಎರಡು ಎಂಬುದನ್ನು ವಾಚಕರು ನೆನಪಿಡಬೇಕು.

ಇನ್ನು ಆಕರಗಳು. ಇವುಗಳಲ್ಲಿ ಅತ್ಯಂತ ಹಳೆಯದು ಬೆಳಕಿಗೆ ಬಂದುದು ಎಲ್ಲಕ್ಕಿಂತ ಕಡೆಗೆ. ೧೯೦೧ರ ನವೆಂಬರ್ ೨೫ರಂದು ಫ್ರಾಂಕ್‌ಫರ್ಟಿನ ಮಾನಸಿಕ ಚಿಕಿತ್ಸಾಲಯಕ್ಕೆ ಐವತ್ತೊಂದು ವರ್ಷದ ಒಬ್ಬ ಹೆಂಗಸನ್ನು ಸೇರಿಸಿದರು. ಗಂಡ ರೈಲ್ವೆ ಗುಮಾಸ್ತ. ವೈದ್ಯಕೀಯ ಬರಹಗಳಲ್ಲಿ ಆಕೆ ಆಗುಸ್ಟ ಡಿ. ಆಲ್ಜೈಮರನು ಮಾರನೆಯ ದಿನದಿಂದ ಆಕೆಯನ್ನು ಪ್ರಶ್ನಿಸಿ ಉತ್ತರಗಳನ್ನು ತನ್ನ ಕೈಯಾರೆ ಬರೆದುಕೊಂಡನು. ಹೆಸರೇನೆಂದರೆ ಆಗುಸ್ಟ ಎಂದಳು. ಮನೆತನದ ಹೆಸರೇನೆಂದರೆ ಅದಕ್ಕೂ ಆಗುಸ್ಟ. ಗಂಡನ ಹೆಸರು ಕೇಳಿದರೆ ಅದೂ ಆಗುಸ್ಟ ಇರಬೇಕೆಂದಳು. ತನ್ನನ್ನೇ ತಾನು ಕಳೆದುಕೊಂಡಿದ್ದೇನೆ ಎಂಬರ್ಥದ ಆಕೆಯ ಮಾತೊಂದು ಕಡತದಲ್ಲಿ ಉಳಿದಿದೆ. ಹೆಸರು ಬರೆಯಿರಿ ಎಂದಾಗ ಅರ್ಧ ಬರೆದು ನಿಲ್ಲಿಸಿದ ಕಾಗದವೂ ಇದೆ. ಈ ಕಡತ ಎಂಬತ್ತು ವರ್ಷಕ್ಕೂ ಮೇಲ್ಪಟ್ಟು ಯಾರ ಕಣ್ಣಿಗೂ ಬೀಳದೆ ಇದ್ದು, ೧೯೯೫ರ ಡಿಸೆಂಬರಿನಲ್ಲಿ ಫ್ರಾಂಕ್‌ಫರ್ಟಿನ ದಾಖಲೆ ಭಂಡಾರದಲ್ಲಿ ಕೊನ್ರಾಡ್ ಮೌರರ್ ಮತ್ತು ಸಂಗಡಿಗರಿಗೆ ದೊರೆಯಿತು. ೧೯೯೭ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದರ ವಿವರ ಹೊರಬಂದಿತು. ಎಂದರೆ ರೋಗದ ಕಾರಣವನ್ನು ಕುರಿತ ಸಿದ್ಧಾಂತ ೧೯೯೨ರಲ್ಲಿ ರೂಪುಗೊಂಡಾಗ ಮೊದಲನೆಯ ರೋಗಿಯ ಕಡತವನ್ನು ಆಗ ಬದುಕಿದ್ದವರಾರೂ ನೋಡಿರಲಿಲ್ಲ. ಇದರಿಂದ ಸಿದ್ಧಾಂತಕ್ಕೆ ಕುಂದಿಲ್ಲ ನಿಜ. ಆದರೆ ಮೂಲವನ್ನು ನೋಡದೆ ಮೂಲಪುರುಷನನ್ನು ಸ್ಮರಿಸುವ ವಾಡಿಕೆ ಎಷ್ಟು ಬಲವಾಗಿದ್ದಿತೆಂಬುದು ಇದರಿಂದ ತಿಳಿಯುತ್ತದೆ.

ಆಕೆ ೧೯೦೬ರ ಏಪ್ರಿಲ್ ೮ರಂದು ತೀರಿಕೊಂಡಳು. ಆ ವೇಳೆಗೆ ಆಲ್ಜೈಮರನು ಮ್ಯೂನಿಕ್ಕಿನಲ್ಲಿ ಎಮಿಲ್ ಕ್ರೇಪೆಲಿನ್ನನ ಚಿಕಿತ್ಸಾಲಯದಲ್ಲಿದ್ದನು. ಮಿದುಳನ್ನು ಅಲ್ಲಿಗೆ ತರಿಸಿಕೊಂಡನು. ಅದೇ ವರ್ಷದ ನವೆಂಬರ್ ೩ರಂದು ಟ್ಯೂಬಿಂಗೆನ್ನಿನಲ್ಲಿ ನೈಋತ್ಯ ಜರ್ಮನಿಯ ಮನೋವೈದ್ಯರ ಸಭೆಯಲ್ಲಿ ಈ ವಿಷಯವನ್ನು ಮಂಡಿಸಿದನು. ಸಭೆಯಲ್ಲಿ ಒಬ್ಬರಾದರೂ ಪ್ರಶ್ನೆ ಕೇಳಲಿಲ್ಲ. ಮರುವರ್ಷ ಪ್ರಕಟವಾದ ಲೇಖನ ಮೂರು ಪುಟಗಳಷ್ಟು. ಅದನ್ನು ಜಾಗರೂಕತೆಯಿಂದ ಓದಿದರೆ ಎರಡು ಸಂಗತಿಗಳು ಕಾಣುತ್ತವೆ. ಬೆಳ್ಳಿಯ ಲವಣದಿಂದ ಬಣ್ಣ ಹಾಕುವ, ಆಗ ಹೊಸದಾಗಿದ್ದ ಬೀಲ್‌ಶೋವ್‌ಸ್ಕಿಯ ವಿಧಾನದಲ್ಲಿ, ನರಕೋಶದೊಳಗಿನ ಎಳೆಗಳು ದಪ್ಪನಾಗಿ ಸುರುಳಿಗಟ್ಟಿರುವುದನ್ನು ಆಲ್ಜೈಮರನು ಮೊದಲು ವರ್ಣಿಸುತ್ತಾನೆ. ಮಿದುಳಿನ ಹೊರಪದರದ ಕೋಶಗಳಲ್ಲಿ ಕಾಲು ಪಾಲಿನಿಂದ ಮೂರನೆಯ ಒಂದು ಪಾಲಿನವರೆಗೆ ಹೀಗಾಗಿವೆ ಎಂದು ಲೆಕ್ಕ ಕೊಡುತ್ತಾನೆ. ಇದು ಕೋಶದೊಳಗೆ ಇನ್ನೂ ಪರೀಕ್ಷಿಸಿ ತಿಳಿಯದ ಯಾವುದೋ ರೋಗವಸ್ತು ಕೂಡಿಕೊಳ್ಳುವುದರೊಡನೆ ಸಾಗುವಂತಿದೆ ಎನ್ನುತ್ತಾನೆ. ಆಮೇಲೆ, ಹೊರಪದರದಲ್ಲೆಲ್ಲ ರಾಗಿಕಾಳಿನಂತೆ ಚೆದುರಿದ, ವಿಲಕ್ಷಣವಾದೊಂದು ವಸ್ತು ಸೇರಿ ಆದ ಚುಕ್ಕೆಗಳನ್ನು ಹೇಳುತ್ತಾನೆ. ಮೊದಲನೆಯದು ಇಂದಿನ ಸಿಕ್ಕು, ಎರಡನೆಯದು ಪ್ಲೇಕು. ಬರವಣಿಗೆಯ ಒತ್ತು ಬಿದ್ದಿರುವುದು ಮೊದಲನೆಯದರ ಮೇಲೆ. ಚುಕ್ಕೆಗಳು ಅಷ್ಟು ಹೊಸವೂ ಆಗಿರಲಿಲ್ಲ: ೧೮೯೨ರಲ್ಲಿ ಪ್ಯಾರಿಸಿನಲ್ಲಿ ಬ್ಲಾಕ್ ಮತ್ತು ಮಾರಿನೆಸ್ಕೋ, ೧೮೯೮ರಲ್ಲಿ ರೆಡ್ಲಿಖ್ ಅವುಗಳನ್ನು ಕಂಡಿದ್ದರು. ಹೊಸದಾಗಿದ್ದುದು ಸಿಕ್ಕು.

೧೯೦೭ರಲ್ಲಿಯೇ ಪ್ರಾಗಿನಿಂದ ಇನ್ನೊಂದು ಪ್ರಬಂಧ ಹೊರಟಿತು. ಅಲ್ಲಿಯ ಜರ್ಮನ್ ವಿಶ್ವವಿದ್ಯಾನಿಲಯದಲ್ಲಿ ಆರ್ನಾಲ್ಡ್ ಪಿಕ್ಕನ ಕೈಕೆಳಗಿದ್ದ ಆಸ್ಕರ್ ಫಿಷರನು ಮುಪ್ಪಿನ ಬುದ್ಧಿನಾಶದಿಂದ ತೀರಿಕೊಂಡ ಹದಿನಾರು ಜನರ ಮಿದುಳುಗಳನ್ನು ಪರೀಕ್ಷಿಸಿ ಹನ್ನೆರಡರಲ್ಲಿ ಈ ಚುಕ್ಕೆಗಳನ್ನು ಕಂಡನು. ಬೇರೆ ರೋಗಗಳಿಂದ ಸತ್ತವರ ಮಿದುಳುಗಳೊಡನೆ ಹೋಲಿಸಿ ನೋಡಿದನು. ಚುಕ್ಕೆಗಳ ಸುತ್ತ ನರತಂತುಗಳು ಊದಿ ವಿಕಾರಗೊಂಡಿರುವುದನ್ನೂ ವರ್ಣಿಸಿದನು. ಆಲ್ಜೈಮರನದು ಒಬ್ಬಳೇ ರೋಗಿ, ಮೂರು ಪುಟ. ಫಿಷರನದು ಹದಿನಾರು, ಹೋಲಿಕೆಯೊಡನೆ. ಚುಕ್ಕೆಗೂ ಮುಪ್ಪಿನ ಒಂದು ಬಗೆಯ ಬುದ್ಧಿನಾಶಕ್ಕೂ ನೇರವಾದ ಸಂಬಂಧವಿದೆ, ಆ ರೋಗದ ದೈಹಿಕ ನೆಲೆಯೇ ಇದು ಎಂದು ವಾದಿಸಿದವನು ಇವನು. ಇಂದಿನ ಅಮೈಲಾಯ್ಡ್ ಸಿದ್ಧಾಂತಕ್ಕೆ ಪೂರ್ವಜನೊಬ್ಬ ಬೇಕೇಬೇಕೆಂದರೆ ನ್ಯಾಯವಾಗಿ ಸಲ್ಲುವ ಹೆಸರು ಫಿಷರನದು. ಆದರೆ ಅವನಿಗೆ ವಿಶ್ವವಿದ್ಯಾನಿಲಯದಲ್ಲಿ ನೆಲೆ ದೊರೆಯಲಿಲ್ಲ. ಯೆಹೂದ್ಯ ಮನೆತನದವನಾದ ಅವನನ್ನು ೧೯೪೧ರಲ್ಲಿ ಗೆಸ್ಟಾಪೊ ಸೆರೆಹಿಡಿಯಿತು. ೧೯೪೨ರ ಫೆಬ್ರವರಿಯಲ್ಲಿ ಟೆರೆಜೀನ್ ಕೋಟೆಯ ಸೆರೆಮನೆಯಲ್ಲಿ ತೀರಿಕೊಂಡನು. ಸಂಶೋಧಕರು ಅವನನ್ನು ಸರಿಯಾಗಿ ನೆನೆದುದು ೨೦೦೯ರಲ್ಲಿ ಮೈಕೆಲ್ ಗೋಡರ್ಟ್ ಅವರು ‘ಬ್ರೇನ್’ ಪತ್ರಿಕೆಯಲ್ಲಿ ಅವನ ಮೇಲೆ ಲೇಖನ ಬರೆದಾಗ. ಗೋಡರ್ಟ್ ಅವರು ಟಾವ್ ಸಂಶೋಧನೆಯಲ್ಲಿ ಹೆಸರಾದವರು, ಚರಿತ್ರಕಾರರಲ್ಲ. ನಮ್ಮ ವೃತ್ತಿಯವರಿಗೆ ಇದು ಸ್ವಲ್ಪ ಸಂಕೋಚದ ವಿಷಯ.

ರೋಗಕ್ಕೆ ಹೆಸರಿಟ್ಟವನು ಕ್ರೇಪೆಲಿನ್. ೧೯೧೦ರಲ್ಲಿ ತನ್ನ ಮನೋವೈದ್ಯ ಪಠ್ಯಪುಸ್ತಕದ ಎಂಟನೆಯ ಆವೃತ್ತಿಯಲ್ಲಿ ‘ಆಲ್ಜೈಮರನ ರೋಗ’ ಎಂದು ಕರೆದನು. ಆ ವೇಳೆಗೆ ತಿಳಿದಿದ್ದ ಇಂಥ ರೋಗಿಗಳು ಬೆರಳೆಣಿಕೆಯಷ್ಟು. ಇದರ ಅರ್ಥ ಇನ್ನೂ ಸ್ಪಷ್ಟವಾಗಿಲ್ಲವೆಂಬ ಮಾತನ್ನೂ ಅವನು ಅಲ್ಲಿಯೇ ಸೇರಿಸಿದ್ದಾನೆ. ಇಷ್ಟು ಅನುಮಾನವಿದ್ದೂ ಹೆಸರಿಡುವ ಅವಸರ ಏಕೆ? ಪ್ರಾಗಿನ ಪಿಕ್ಕನ ಬಳಗಕ್ಕಿಂತ ಮ್ಯೂನಿಕ್ಕಿನ ಕೀರ್ತಿ ಮುಂದಾಗಲಿ ಎಂಬ ಪೈಪೋಟಿಯನ್ನು ಕೆಲವರು ಊಹಿಸಿದ್ದಾರೆ. ಮನೋರೋಗಕ್ಕೆ ಮಿದುಳಿನಲ್ಲಿಯೇ ಕಾರಣವಿದೆಯೆಂದು ಫ್ರಾಯ್ಡನ ಪಕ್ಷದವರಿಗೆ ತೋರಿಸುವ ಹವಣು ಎಂದು ಇನ್ನು ಕೆಲವರು. ಎರಡೂ ಅಸಂಭವವಲ್ಲ, ಆದರೆ ಇಂಥ ಉದ್ದೇಶವನ್ನು ಕ್ರೇಪೆಲಿನ್ ತಾನೇ ಹೇಳಿಕೊಂಡ ಬರಹವನ್ನು ಆಧಾರವಾಗಿ ಇವರಾರೂ ಮುಂದಿಡುವುದಿಲ್ಲ. ಸಂದರ್ಭದಿಂದ ಉದ್ದೇಶವನ್ನು ಊಹಿಸುವುದು ನಮ್ಮಲ್ಲಿಯೂ ಇರುವ ಚಟವೇ. ಸರಳವಾದ ಕಾರಣವೂ ಒಂದಿದೆ: ಆಗುಸ್ಟ ಡಿ. ಮುದುಕಿಯಾಗಿರಲಿಲ್ಲ. ಐವತ್ತರ ಆಸುಪಾಸಿನಲ್ಲಿ ಮುಪ್ಪಿನ ರೋಗ ಬಂದುದನ್ನು ಮುಪ್ಪಿನ ರೋಗವೆಂದು ಕರೆಯುವುದು ಕ್ರೇಪೆಲಿನ್ನನಿಗೆ ಕಷ್ಟವಾಯಿತು. ಹೆಸರು ಹುಟ್ಟಿದುದು ವಯಸ್ಸಿನ ಮೇಲೆಯೇ ಹೊರತು ಪ್ರೋಟೀನಿನ ಮೇಲಲ್ಲ.

ಈಗ ಮುಖ್ಯವಾದ ಆಕರ. ೧೯೧೧ರಲ್ಲಿ ಆಲ್ಜೈಮರನು ಈ ವಿಷಯದ ಮೇಲೆ ಎರಡನೆಯದೂ ವಿಸ್ತಾರವೂ ಆದ ಲೇಖನವೊಂದನ್ನು ಪ್ರಕಟಿಸಿದನು. ೧೯೦೭ರದನ್ನು ಹೆಸರಿಸುವ ಹತ್ತು ಜನರಲ್ಲಿ ಒಬ್ಬರಾದರೂ ಇದನ್ನು ಹೆಸರಿಸುವರೋ ಇಲ್ಲವೋ ಎಂಬುದು ಈ ಲೇಖಕನ ಅನುಮಾನ. ಅದರಲ್ಲಿ ಯೋಹಾನ್ ಎಫ್. ಎಂಬ ಐವತ್ತಾರು ವರ್ಷದ ಕೂಲಿಕಾರನ ವೃತ್ತಾಂತವಿದೆ. ಅವನ ಮಿದುಳಿನ ತುಂಬ ಪ್ಲೇಕುಗಳಿದ್ದವು. ಆಲ್ಜೈಮರನು ಎಷ್ಟು ಹುಡುಕಿದರೂ ಸಿಕ್ಕು ಒಂದೂ ಕಾಣಲಿಲ್ಲ. ಇದನ್ನು ಕಂಡವನು ಪ್ಲೇಕೇ ಪ್ರಧಾನವೆಂದು ತೀರ್ಮಾನಿಸಿರಬೇಕೆಂದು ವಾಚಕರು ನಿರೀಕ್ಷಿಸಬಹುದು. ಅವನು ಹೋದುದು ಎದುರು ದಿಕ್ಕಿಗೆ. ಫಿಷರನ ವಾದವನ್ನು ಎತ್ತಿಕೊಂಡು ಚರ್ಚಿಸಿ, ಪ್ಲೇಕುಗಳು ಮುಪ್ಪಿನ ಬುದ್ಧಿನಾಶಕ್ಕೆ ಕಾರಣವಲ್ಲ, ಮಿದುಳು ಮುಪ್ಪಾಗುವುದರ ಜೊತೆಯಲ್ಲಿ ಕಾಣಿಸಿಕೊಳ್ಳುವ ಒಂದು ಲಕ್ಷಣ ಮಾತ್ರ ಎಂಬ ನಿಲುವನ್ನು ತಾಳಿದನು. ಅಷ್ಟೇ ಅಲ್ಲ, ಈ ರೋಗಿಗಳನ್ನು ಬೇರೆಯೇ ಒಂದು ರೋಗಪ್ರಕ್ರಿಯೆಗೆ ಒಳಗಾದವರೆಂದು ಎಣಿಸಲು ಗಟ್ಟಿಯಾದ ಕಾರಣ ಕಾಣದೆಂದೂ ಬರೆದನು. ಕ್ರೇಪೆಲಿನ್ ಹೆಸರಿಟ್ಟ ಮರುವರ್ಷವೇ, ಹೆಸರು ಪಡೆದವನು ಆ ಹೆಸರಿಗೆ ಬೇಕಾದ ಆಧಾರವನ್ನೇ ಸಂದೇಹಿಸಿದಂತಾಯಿತು. ೧೯೧೫ರಲ್ಲಿ ಐವತ್ತೊಂದನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು. ಆಲ್ಜೈಮರನ ಈ ಅಭಿಪ್ರಾಯ ತಪ್ಪಾಗಿದ್ದರೆ ಆಗಲಿ, ಇಂದು ಅದರಿಂದೇನು ಎಂದು ಕೇಳಬಹುದು. ತಪ್ಪಾಗಿರಬಹುದು. ಹಾಗಿದ್ದಲ್ಲಿ ತಪ್ಪೆಂದು ಹೇಳಿ ಮುಂದುವರಿಯಬೇಕು. ಅವನು ಅಲ್ಲವೆಂದ ಮಾತಿಗೆ ಅವನ ರುಜುವನ್ನೇ ಹಾಕಿಸಬಾರದು.

ನಡುವಣ ದಶಕಗಳನ್ನು ಬೇಗ ದಾಟಬಹುದು. ೧೯೨೭ರಲ್ಲಿ ಬೆಲ್ಜಿಯಮ್ಮಿನ ಪಾಲ್ ದಿವ್ರಿ ಕಾಂಗೋ ಕೆಂಪೆಂಬ ಬಣ್ಣದಿಂದ ಪ್ಲೇಕಿನಲ್ಲಿರುವುದು ಅಮೈಲಾಯ್ಡ್ ಎಂದು ತೋರಿಸಿದನು. ೧೯೬೮ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನಲ್ಲಿ ಬ್ಲೆಸ್ಸೆಡ್, ಟಾಮ್ಲಿನ್‌ಸನ್ ಮತ್ತು ರಾತ್ ಅವರು ಮುದುಕರ ಮಿದುಳಿನ ಪ್ಲೇಕುಗಳನ್ನು ಎಣಿಸಿ, ಅವು ಹೆಚ್ಚಿದಂತೆ ಬದುಕಿದ್ದಾಗಿನ ಮರೆವೂ ಹೆಚ್ಚಾಗಿದ್ದಿತೆಂದು ವರದಿ ಮಾಡಿದರು. ನಿರ್ಣಾಯಕವಾದುದು ೧೯೭೬ರಲ್ಲಿ ರಾಬರ್ಟ್ ಕಾಟ್ಜ್‌ಮನ್ ಅವರು ಬರೆದ ಪುಟ್ಟ ಸಂಪಾದಕೀಯ. ನಡುವಯಸ್ಸಿನ ಅಪರೂಪದ ರೋಗವೂ ಮುಪ್ಪಿನ ಸಾಮಾನ್ಯವಾದ ಬುದ್ಧಿನಾಶವೂ ಒಂದೇ ಎಂದು ಅವರು ವಾದಿಸಿದರು. ವಯಸ್ಸಿನ ಆಧಾರದ ಮೇಲೆ ಕ್ರೇಪೆಲಿನ್ ಹಾಕಿದ ಗೆರೆ ಅಳಿಸಿತು. ಅಪರೂಪದ ರೋಗ ಲಕ್ಷಾಂತರ ಜನರ ರೋಗವಾಯಿತು. ಅಮೆರಿಕದ ರಾಷ್ಟ್ರೀಯ ವಾರ್ಧಕ್ಯ ಸಂಸ್ಥೆ ಸ್ಥಾಪನೆಯಾದುದು ೧೯೭೪ರಲ್ಲಿ. ಹೊಸ ಸಂಸ್ಥೆಗೆ ಸರ್ಕಾರದ ಹಣ ದೊರೆಯಬೇಕಾದರೆ ಮುಪ್ಪಿಗಿಂತ ರೋಗವೊಂದು ಎದುರಾಳಿಯಾಗಿರುವುದು ಮೇಲಾಗಿದ್ದಿತೆಂಬುದನ್ನು ಪ್ಯಾಟ್ರಿಕ್ ಫಾಕ್ಸ್ ಅವರು ೧೯೮೯ರ ತಮ್ಮ ಲೇಖನದಲ್ಲಿ ವಿವರಿಸಿದ್ದಾರೆ. ನಮ್ಮಲ್ಲಿ ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯುಂಟು. ಈ ಲೇಖಕನ ಮನೆಯಲ್ಲಿ ಸೋದರತ್ತೆಯವರಿಗೆ ಮರೆವು ಮೊದಲಾದಾಗ ಎಲ್ಲರೂ ಅದನ್ನೇ ಹೇಳಿ ಸುಮ್ಮನಿದ್ದರು. ವೈದ್ಯರು ಜರ್ಮನ್ ಹೆಸರ ಹೇಳಿದ ದಿನ ಮನೆಯಲ್ಲಿ ಒಂದು ಬಗೆಯ ಸಮಾಧಾನವೇ ಆಯಿತು: ಹೆಸರಿದ್ದ ಮೇಲೆ ಕಾರಣ ಗೊತ್ತಿರಬೇಕು, ಕಾರಣ ಗೊತ್ತಿದ್ದ ಮೇಲೆ ಔಷಧಿ ಇರಬೇಕು. ಪೀಠಿಕೆಯ ಮೂರು ವಾಕ್ಯಗಳು ಹುಟ್ಟಿಸುವ ನಂಬಿಕೆಯೂ ಇದೇ.

ಸಿದ್ಧಾಂತದ ಪಕ್ಷದಲ್ಲಿ ಇರುವುದನ್ನು ಕಡಿಮೆ ಮಾಡಿ ಹೇಳುವುದು ನ್ಯಾಯವಲ್ಲ. ೧೯೮೪ರಲ್ಲಿ ಜಾರ್ಜ್ ಗ್ಲೆನರ್ ಮತ್ತು ಕೇನ್ ವಾಂಗ್ ಅವರು ರೋಗಿಗಳ ಮಿದುಳಿನ ಹೊದಿಕೆಯ ರಕ್ತನಾಳಗಳಿಂದ ಅಮೈಲಾಯ್ಡನ್ನು ಶುದ್ಧಿಮಾಡಿ ಅದರ ಅಮೈನೋ ಆಮ್ಲಗಳ ಅನುಕ್ರಮವನ್ನು ಓದಿದರು. ಡೌನ್ ಲಕ್ಷಣಕೂಟದವರ ಮಿದುಳಿನಲ್ಲಿಯೂ ಅದೇ ವಸ್ತು ಕಂಡಿತು. ಅವರಿಗೆ ಇಪ್ಪತ್ತೊಂದನೆಯ ಕ್ರೋಮೊಸೋಮು ಒಂದು ಹೆಚ್ಚು. ಹಾಗಾದರೆ ಈ ಪ್ರೋಟೀನಿನ ಜೀನು ಅಲ್ಲಿಯೇ ಇರಬೇಕೆಂದು ಗ್ಲೆನರ್ ಊಹಿಸಿದರು. ೧೯೮೭ರಲ್ಲಿ ಅದು ಅಲ್ಲಿಯೇ ಸಿಕ್ಕಿತು. ೧೯೯೧ರಲ್ಲಿ, ಎಳೆಯ ವಯಸ್ಸಿನಲ್ಲಿ ರೋಗ ಬರುವ ಕುಟುಂಬವೊಂದರಲ್ಲಿ ಆ ಜೀನಿನ ದೋಷವನ್ನು ಲಂಡನ್ನಿನಲ್ಲಿ ಆಲಿಸನ್ ಗೋಟ್, ಜಾನ್ ಹಾರ್ಡಿ ಮೊದಲಾದವರು ಕಂಡುಹಿಡಿದರು. ಮರುವರ್ಷ ಹಾರ್ಡಿ ಮತ್ತು ಹಿಗ್ಗಿನ್ಸ್ ಅವರು ಸಿದ್ಧಾಂತವನ್ನು ಬರೆದರು: ಮೊದಲು ಬೀಟ ಅಮೈಲಾಯ್ಡ್ ಕೂಡುತ್ತದೆ, ಸಿಕ್ಕು, ಕೋಶನಾಶ, ಮರೆವು ಅದರ ಹಿಂದೆ ಒಂದೊಂದಾಗಿ ಬರುತ್ತವೆ. ೨೦೧೨ರಲ್ಲಿ ಐಸ್ಲೆಂಡಿನಲ್ಲಿ ಅದೇ ಜೀನಿನ ಇನ್ನೊಂದು ವ್ಯತ್ಯಾಸ ಸಿಕ್ಕಿತು. ಅದುಳ್ಳವರಲ್ಲಿ ಬೀಟ ಅಮೈಲಾಯ್ಡ್ ಕಡಿಮೆ ತಯಾರಾಗುತ್ತದೆ, ರೋಗವೂ ಕಡಿಮೆ. ಇದು ಗಟ್ಟಿಯಾದ ಸಾಕ್ಷ್ಯ. ಇದಕ್ಕೆ ೧೯೦೬ರ ಸಾಕ್ಷಿ ಅಗತ್ಯವೇ ಇರಲಿಲ್ಲ ಎಂಬುದೇ ಇಲ್ಲಿಯ ಸ್ವಾರಸ್ಯ. ಗ್ಲೆನರ್ ಅವರು ೧೯೯೫ರಲ್ಲಿ ತೀರಿಕೊಂಡುದು, ವಿಧಿಯ ಆಟವೆಂಬಂತೆ, ಹೃದಯವೇ ಮೊದಲಾದ ಅಂಗಗಳಲ್ಲಿ ಇನ್ನೊಂದು ಬಗೆಯ ಅಮೈಲಾಯ್ಡ್ ಕೂಡಿಕೊಂಡುದರಿಂದ.

ಸಿಕ್ಕಿನ ಕಡೆಯ ಸಾಕ್ಷ್ಯವೂ ಬೆಳೆಯುತ್ತ ಬಂದಿತು. ರೋಗಿಯ ಮರೆವಿನ ಪ್ರಮಾಣಕ್ಕೆ ಪ್ಲೇಕಿಗಿಂತ ಸಿಕ್ಕು ಹತ್ತಿರವಾಗಿ ಹೊಂದುತ್ತದೆಂದು ೧೯೯೦ರ ದಶಕದ ಆರಂಭದಿಂದ ಕಂಡುಬಂದಿತು. ೧೯೯೮ರಲ್ಲಿ, ಟಾವ್ ಜೀನಿನ ದೋಷವೊಂದರಿಂದಲೇ, ಪ್ಲೇಕಿನ ಸಹಾಯವಿಲ್ಲದೆ, ಬೇರೊಂದು ಬಗೆಯ ಬುದ್ಧಿನಾಶ ಬರುವುದೆಂದು ಗೊತ್ತಾಯಿತು. ೨೦೧೭ರಲ್ಲಿ ಗೋಡರ್ಟ್ ಮತ್ತು ಶೆರೆಸ್ ಅವರ ತಂಡ, ಆಲ್ಜೈಮರ್ ರೋಗಿಯ ಮಿದುಳಿನಿಂದ ತೆಗೆದ ಟಾವ್ ಎಳೆಗಳನ್ನು ಅತಿಶೀತದಲ್ಲಿಟ್ಟು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಅವುಗಳ ಮಡಿಕೆಯ ನಕ್ಷೆಯನ್ನು ತೆಗೆಯಿತು. ಮರುವರ್ಷ ಪಿಕ್ಕನ ಹೆಸರಿನ ರೋಗದ ಎಳೆಗಳನ್ನು ನೋಡಿದರೆ ಪ್ರೋಟೀನು ಅದೇ, ಮಡಿಕೆ ಮಾತ್ರ ಬೇರೆ. ಆಲ್ಜೈಮರನು ಇನ್ನೂ ಪರೀಕ್ಷಿಸಿ ತಿಳಿಯದ ವಸ್ತುವೆಂದು ಕೋಶದೊಳಗೆ ಬೆರಳು ಮಾಡಿದುದಕ್ಕೆ ನೂರ ಹತ್ತು ವರ್ಷಗಳ ಮೇಲೆ ಬಂದ ಉತ್ತರವೆಂದು ಇದನ್ನು ಹೇಳುವ ಆಸೆ ಈ ಲೇಖಕನಿಗೂ ಉಂಟಾಗುತ್ತದೆ. ಹೇಳಿದರೆ ಅದೂ ಇನ್ನೊಂದು ವಂಶಾವಳಿಯೇ ಆದೀತು.

ಔಷಧಿಗಳ ಪರೀಕ್ಷೆಯಲ್ಲಿ ಪೀಠಿಕೆಯ ಮೂರು ವಾಕ್ಯಗಳಿಗೆ ಬೆಲೆ ಕಟ್ಟಬೇಕಾಯಿತು. ಬೀಟ ಅಮೈಲಾಯ್ಡ್ ವಿರುದ್ಧ ಲಸಿಕೆಯೊಂದನ್ನು ಜನರ ಮೇಲೆ ಪ್ರಯೋಗಿಸುತ್ತಿದ್ದಾಗ ಕೆಲವರಿಗೆ ಮಿದುಳಿನ ಉರಿಯೂತ ಬಂದುದರಿಂದ ೨೦೦೨ರಲ್ಲಿ ನಿಲ್ಲಿಸಿದರು. ಅದನ್ನು ಪಡೆದವರನ್ನು ಹಿಂಬಾಲಿಸಿ ೨೦೦೮ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ವರದಿ ಬಹಳ ಮಹತ್ವದ್ದು: ಸತ್ತ ಮೇಲೆ ಪರೀಕ್ಷಿಸಿದವರಲ್ಲಿ ಪ್ಲೇಕು ಹೆಚ್ಚುಕಡಮೆ ಪೂರ್ತಿ ತೊಳೆದುಹೋಗಿದ್ದವರೂ ಇದ್ದರು; ಅವರೂ ಬುದ್ಧಿನಾಶದ ಕೊನೆಯ ಹಂತಕ್ಕೆ ಇಳಿದೇ ಸತ್ತಿದ್ದರು. ಪ್ಲೇಕನ್ನು ತೆಗೆಯುವ ಅಡುಕಾನುಮ್ಯಾಬ್ ಎಂಬ ಔಷಧಿಯನ್ನು ೨೦೨೦ರ ನವೆಂಬರಿನಲ್ಲಿ ಅಮೆರಿಕದ ಸರ್ಕಾರಿ ಸಲಹಾ ಸಮಿತಿ ಒಪ್ಪಲಿಲ್ಲ. ೨೦೨೧ರ ಜೂನಿನಲ್ಲಿ ಇಲಾಖೆ ಅನುಮತಿ ಕೊಟ್ಟಿತು. ಸಮಿತಿಯ ಮೂವರು ರಾಜೀನಾಮೆ ಇತ್ತರು. ೨೦೨೪ರಲ್ಲಿ ತಯಾರಕರೇ ಅದನ್ನು ಕೈಬಿಟ್ಟರು. ೨೦೨೩ರಲ್ಲಿ ಅನುಮತಿ ಪಡೆದ ಲೆಕಾನೆಮ್ಯಾಬ್ ಮಾತ್ರ ಪರೀಕ್ಷೆಯಲ್ಲಿ ಗೆದ್ದಿತು. ಗೆಲುವಿನ ಅಳತೆ ಇದು: ಹದಿನೆಂಟು ಅಂಕಗಳ ಒಂದು ಮಾಪನದಲ್ಲಿ, ಹದಿನೆಂಟು ತಿಂಗಳ ಮೇಲೆ, ಔಷಧಿ ಪಡೆದವರಿಗೂ ಪಡೆಯದವರಿಗೂ ೦.೪೫ ಅಂಕದ ಅಂತರ. ಮಿದುಳಿನಲ್ಲಿ ಊತ, ರಕ್ತಸ್ರಾವಗಳ ಅಪಾಯ ಬೇರೆ. ಅಂತರ ಇರುವುದರಿಂದ ಅಮೈಲಾಯ್ಡಿಗೂ ರೋಗಕ್ಕೂ ಸಂಬಂಧವೇ ಇಲ್ಲವೆನ್ನುವವರ ವಾದ ಬೀಳುತ್ತದೆ. ಅದು ಇಷ್ಟು ಸಣ್ಣದಾಗಿರುವುದರಿಂದ ಅಮೈಲಾಯ್ಡೊಂದೇ ಸರ್ವಕಾರಣವೆನ್ನುವವರ ವಾದವೂ ನಿಲ್ಲುವುದಿಲ್ಲ.

ಎರಡು ವಿಷಯಗಳು ಉಳಿದಿವೆ. ಬೀಟ ಅಮೈಲಾಯ್ಡಿನ ಒಂದು ವಿಶಿಷ್ಟ ಗುಂಪು ಇಲಿಗಳಲ್ಲಿ ಮರೆವನ್ನು ತರುತ್ತದೆಂದು ೨೦೦೬ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಪ್ರಬಂಧದ ಚಿತ್ರಗಳ ವಿಷಯದಲ್ಲಿ ೨೦೨೨ರಲ್ಲಿ ಸಂಶಯ ಬಹಿರಂಗವಾಯಿತು. ೨೦೨೪ರ ಜೂನಿನಲ್ಲಿ ಅದನ್ನು ಹಿಂದಕ್ಕೆ ಪಡೆದರು. ಇದರ ಮೇಲೆ ಪತ್ರಿಕೆಗಳಲ್ಲಿ ಎದ್ದ ಕೂಗು ಅಳತೆ ಮೀರಿದುದು. ಕೂಟಶಾಸನಗಳ ಪರಿಚಯವಿದ್ದವರಿಗೆ ಗೊತ್ತು: ಒಂದು ತಾಮ್ರಪಟ ಕೂಟವೆಂದಾದರೆ ಆ ರಾಜವಂಶವೇ ಇರಲಿಲ್ಲವೆಂದಾಗುವುದಿಲ್ಲ. ಸಿದ್ಧಾಂತದ ತಳಪಾಯ ಜೀನುಗಳ ಸಾಕ್ಷ್ಯ. ಅದು ಈ ಪ್ರಬಂಧದ ಮೇಲೆ ನಿಂತಿಲ್ಲ. ಇದಕ್ಕಿಂತ ವಿಚಾರಯೋಗ್ಯವಾದುದು ೨೦೧೮ರ ಹೊಸ ವ್ಯಾಖ್ಯೆ. ಸಂಶೋಧನೆಯ ಮಟ್ಟಿಗೆ ಆಲ್ಜೈಮರ್ ರೋಗವೆಂದರೆ ಅಮೈಲಾಯ್ಡ್ ಮತ್ತು ಟಾವ್ ವಿಕಾರಗಳೇ, ಮರೆವು ಅವುಗಳ ಫಲ ಎಂದು ಅದು ನಿರ್ಣಯಿಸಿತು. ಹೀಗಾದಲ್ಲಿ ಅಮೈಲಾಯ್ಡ್ ಇಲ್ಲದ ರೋಗಿಯಿಂದ ಸಿದ್ಧಾಂತಕ್ಕೆ ಎಂದೂ ಬಾಧಕವಿಲ್ಲ, ಏಕೆಂದರೆ ಅವನಿಗೆ ಆ ರೋಗವೇ ಇಲ್ಲ! ಸಾಧಿಸಬೇಕಾದುದನ್ನು ವ್ಯಾಖ್ಯೆಯೊಳಗೇ ಸೇರಿಸುವುದು ತರ್ಕದಲ್ಲಿ ದೋಷ. ಯಾವ ತಪ್ಪು ಚಿತ್ರಕ್ಕಿಂತಲೂ ಇದು ಗಂಭೀರವಾದುದೆಂದು ಈ ಲೇಖಕನ ಅಭಿಪ್ರಾಯ.

ಈ ಚರಿತ್ರೆಯ ಮೇಲೆ ಇರುವ ಪುಸ್ತಕಗಳಲ್ಲಿ ಎರಡನ್ನು ವಿದ್ಯಾರ್ಥಿಗಳು ಓದಬಹುದು. ಕಡತವನ್ನು ಕಂಡುಹಿಡಿದ ಮೌರರ್ ಅವರು ಪತ್ನಿಯೊಡನೆ ಬರೆದ ಆಲ್ಜೈಮರನ ಜೀವನಚರಿತ್ರೆ ಒಂದು. ದಾಖಲೆಗಳ ಮಟ್ಟಿಗೆ ಅಮೂಲ್ಯ. ಆದರೆ ಜೀವನಚರಿತ್ರೆಗಳಿಗೆ ಸಹಜವಾಗಿ ನಾಯಕನ ಸುತ್ತಲೇ ಬೆಳಕು. ಕಾರ್ಲ್ ಹೆರಪ್ ಅವರ ೨೦೨೧ರ ಪುಸ್ತಕ ಇನ್ನೊಂದು. ರೋಗವನ್ನು ಹೇಗೆ ಅಭ್ಯಾಸಮಾಡಬಾರದು ಎಂಬುದೇ ಅದರ ಹೆಸರು. ಅಮೈಲಾಯ್ಡಿನ ಮೇಲೆ ಎಲ್ಲವನ್ನೂ ಪಣವಿಟ್ಟುದನ್ನು ಒಳಗಿನವರೇ ಆದ ಅವರು ಖಂಡಿಸುತ್ತಾರೆ. ವಾದ ಬಲವಾಗಿದೆ. ಆದರೂ ಫಲ ತಿಳಿದ ಮೇಲೆ ಹಿಂದಿನವರ ನಿರ್ಧಾರಗಳನ್ನು ತೂಗುವ ತೊಡಕು ಇಲ್ಲಿಯೂ ಇದೆ. ೧೯೯೨ರಲ್ಲಿ ಕೈಯಲ್ಲಿದ್ದ ಸಾಕ್ಷ್ಯವನ್ನಷ್ಟೇ ಇಟ್ಟುಕೊಂಡು ನೋಡಿದರೆ, ಆ ದಾರಿ ಹಿಡಿದವರನ್ನು ದೂರಲಾಗದು. ಇತರ ದಾರಿಗಳಿಗೆ ಹಣವೂ ಅವಕಾಶವೂ ಸಿಗದಂತಾದುದು ಆ ಮೇಲಣ ವರ್ಷಗಳ ಕಥೆ. ಅದನ್ನು ಬರೆಯಲು ಧನಸಹಾಯ ಸಮಿತಿಗಳ ಕಡತಗಳು ತೆರೆಯಬೇಕು.

ಆಲ್ಜೈಮರನ ಗಾಜಿನ ಫಲಕಗಳೂ ಮ್ಯೂನಿಕ್ಕಿನಲ್ಲಿ ೧೯೯೦ರ ದಶಕದಲ್ಲಿ ಸಿಕ್ಕಿದವು. ಯೋಹಾನ್ ಎಫ್.ನ ಫಲಕಗಳನ್ನು ಮಾನುಯೆಲ್ ಗ್ರೇಬರ್ ಮತ್ತು ಸಂಗಡಿಗರು ಮತ್ತೆ ನೋಡಿದರು: ಪ್ಲೇಕು ಧಾರಾಳ, ಸಿಕ್ಕು ಇಲ್ಲ, ೧೯೧೧ರ ವರ್ಣನೆ ಸರಿಯಾಗಿದ್ದಿತು. ಆಗುಸ್ಟ ಡಿ.ಯ ಫಲಕದಿಂದ ಚೂರು ಅಂಗಾಂಶವನ್ನು ತೆಗೆದು ಪರೀಕ್ಷಿಸಿದ ಜರ್ಮನಿಯ ಒಂದು ತಂಡ ೨೦೧೩ರಲ್ಲಿ, ಆಕೆಗಿದ್ದುದು ಪ್ರೆಸೆನಿಲಿನ್ ಎಂಬ ಜೀನಿನ ದೋಷದಿಂದ ಬಂದ ಆನುವಂಶಿಕ ರೋಗವೆಂದು ಪ್ರಕಟಿಸಿತು. ಸಿದ್ಧಾಂತದ ಪಕ್ಷದವರಿಗೆ ಇದಕ್ಕಿಂತ ಒಳ್ಳೆಯ ವಂಶಾವಳಿ ಬೇರೆ ಇರಲಾರದು. ೨೦೧೪ರಲ್ಲಿ ಇನ್ನೊಂದು ತಂಡ ಆಕೆಯ ಅಂಗಾಂಶದಲ್ಲಿ ಅದೇ ಜೀನನ್ನೂ ಅಮೈಲಾಯ್ಡಿಗೆ ಸಂಬಂಧಿಸಿದ ಇತರ ಜೀನುಗಳನ್ನೂ ಓದಿ ನೋಡಿತು. ಅಂಥ ದೋಷ ಯಾವುದೂ ಕಾಣಲಿಲ್ಲ.